ಟೇಬಲ್ ಹೂವು, ತಾರೀಖಿಲ್ಲದ ಜೀಪು

ಕಾಯಿಲೆಯವರಿರುವ ಮನೆಯಲ್ಲಿ ನಗಬಾರದು ಅಂತ ಹಿರಿಯರು ಹೇಳುತ್ತಾರೆ. ನಗು ಬರುವಂಥದ್ದೆಲ್ಲ ಅಂಥ ಮನೆಯಲ್ಲೇ ಯಾಕೆ ನಡೆಯುತ್ತದೆ ಅನ್ನುವುದನ್ನು ಮಾತ್ರ ಯಾರೂ ಹೇಳಿಲ್ಲ. ಆ ಬೇಸಿಗೆಯಲ್ಲಿ ನಮ್ಮ ಮನೆಯಲ್ಲಿ ದಿನಕ್ಕೊಂದು ನಡೆಯುತ್ತಿತ್ತು.

ಅಪ್ಪನಿಗೆ ಚಳ್ಳಕೆರೆಯಲ್ಲಿ ಶೇಂಗಾ ವ್ಯಾಪಾರ. ಹೊಟ್ಟೆಯಲ್ಲಿ ಗಡ್ಡೆ ಅಂತ ದಾವಣಗೆರೆಗೆ ಕರೆದುಕೊಂಡು ಹೋದಾಗ ಡಾಕ್ಟರು ಅಪ್ಪನಿಗೆ, "ಏನು ತಿನ್ನಬೇಕು ಅನ್ಸುತ್ತೋ ತಿನ್ರಿ" ಅಂದರು. ಉಳಿದದ್ದನ್ನು ನಮ್ಮನ್ನು ಹೊರಗೆ ಕರೆದು ಇಂಗ್ಲಿಷಿನಲ್ಲಿ ಹೇಳಿದರು. ಅವ್ವ, ಸೋದರಮಾವ ಇಬ್ಬರೂ ನನ್ನ ಮುಖ ನೋಡಿದರು. ಇಂಗ್ಲಿಷ್ ಮೀಡಿಯಂನಲ್ಲಿ ಓದಿದ್ದಕ್ಕೆ ಅದನ್ನು ಕನ್ನಡ ಮಾಡಿ ಹೇಳುವ ಕೆಲಸ ನನಗೆ ಬಂತು. ನಾನು ಅರ್ಧ ಹೇಳಿದೆ. ಇನ್ನರ್ಧ ಅವರಿಗೇ ತಿಳಿಯಿತು.

ದೀಪಾವಳಿ ಆದ ಮೇಲೆ ಅಂತಿದ್ದ ಅಕ್ಕನ ಮದುವೆಯನ್ನು ವೈಶಾಖಕ್ಕೆ ಎಳೆದರು. ಗಂಡು ಮೊಳಕಾಲ್ಮೂರಿನವರು. ಅಪ್ಪ ಕೇಳಿದ್ದು ಒಂದೇ. ಆರತಕ್ಷತೆಯ ದಿನ ಊಟದ ಹಾಲ್ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ಕೂತು, ಬಂದವರನ್ನೆಲ್ಲ "ಊಟ ಆಯ್ತಾ" ಅಂತ ಕೇಳಬೇಕು. "ಅಲ್ಲೀತನಕ ಹೆಂಗಾದ್ರೂ ಹಿಡಕೊಂಡಿರ್ರಿ ನನ್ನ" ಅಂದರು.

ಭಾವ ಆಗುವವರು ಬೆಂಗಳೂರಿನ ಯಾವುದೋ ರಿಸೆಪ್ಷನ್‌ನಲ್ಲಿ ಊಟದ ಟೇಬಲ್ಲಿನ ನಡುವೆ ಹೂವು ಜೋಡಿಸಿದ್ದನ್ನು ನೋಡಿದ್ದರಂತೆ. ನಮ್ಮಲ್ಲೂ ಇರಲಿ ಅಂತ ಅಕ್ಕನಿಗೆ ಹೇಳಿದರು, ಅಕ್ಕ ನನಗೆ ಹೇಳಿದಳು. ಡಾಕ್ಟರ ಮಾತು ಅರ್ಥವಾದವಳಿಗೆ ಟೇಬಲ್ ಹೂವು ಅರ್ಥವಾಗದೇ ಇರುತ್ತದೆಯೇ ಅನ್ನುವುದು ಮನೆಯವರ ನಂಬಿಕೆ.

ಕುರಿಗಳೂ ಬೀಗರೂ

ಎಷ್ಟು ಹೂವು ಬೇಕು ಅಂತ ತಿಳಿಯಲು ಎಷ್ಟು ಟೇಬಲ್ ಅಂತ ತಿಳಿಯಬೇಕು. ಅದಕ್ಕೆ ಎಷ್ಟು ಜನ ಅಂತ ತಿಳಿಯಬೇಕು. ಹೊಸಬರ ಜೊತೆ ಮಾತಾಡುವುದು ನನಗೆ ಆಗದ ಕೆಲಸ. ಆದರೂ ಮೊಳಕಾಲ್ಮೂರಿಗೆ ಫೋನ್ ಮಾಡಿದೆ. ಗಂಡಿನ ದೊಡ್ಡಮ್ಮ ಎತ್ತಿದರು. ನಿಮ್ಮ ಕಡೆಯಿಂದ ಎಷ್ಟು ಜನ ಆಗಬಹುದು ಅಂತ ಕೇಳಿದೆ.

"ಏನಮ್ಮಾ," ಅಂದರು ಬಹಳ ಮೆತ್ತಗೆ. "ನಮ್ಮ ಕಡೆ ಕುರಿ ಎಣಿಸ್ತಾರೆ. ಬೀಗರನ್ನ ಎಣಿಸಲ್ಲ."

ಆಮೇಲೆ ಮಾವನೇ ಮೊಳಕಾಲ್ಮೂರಿಗೆ ಹೋಗಿ ಕ್ಷಮೆ ಕೇಳಿ ಬಂದರು. ಎಷ್ಟು ಜನ ಅಂತ ಅವರೂ ಕೇಳಲಿಲ್ಲ.

ತಾರೀಖಿಲ್ಲದ ಜೀಪು

ನಮ್ಮ ಕಡೆಯವರದು ಇನ್ನೊಂದು ಥರ. ಕರೆಯಲು ನಾವು ಹೋಗುವ ಮೊದಲೇ ಅಪ್ಪನನ್ನು ನೋಡಲು ಅವರೇ ಬರುತ್ತಿದ್ದರು. ಮಂಚದ ಪಕ್ಕ ಕೂತು ಅಪ್ಪನ ಕೈ ಹಿಡಿದು, ಹೊರಗೆ ಬಂದು ಕಾಫಿ ಕುಡಿದು, ಕಾರ್ಡ್ ಇಸಕೊಂಡು ಹೋಗುವರು. ಮದುವೆಗೆ ಬರ್ತೀರಲ್ವಾ ಅಂತ ಅವ್ವ ಕೇಳಿದರೆ ಎಲ್ಲರೂ ಅಪ್ಪನ ಕೋಣೆಯ ಕಡೆ ಒಮ್ಮೆ ನೋಡಿ, "ನೋಡಾಣ" ಅನ್ನುವರು.

ಕೊಂಡ್ಲಹಳ್ಳಿಯ ಚಿಕ್ಕಪ್ಪ ಒಬ್ಬರೇ ಗಟ್ಟಿ ಮಾತು ಕೊಟ್ಟರು. "ಅತ್ತಿಗೆ, ನೀವೇನೂ ಯೋಚನೆ ಮಾಡಬ್ಯಾಡ್ರಿ. ಮನೆ ಮಂದಿ ಎಲ್ಲ ಬರ್ತೀವಿ. ಜೀಪಿನೋನಿಗೆ ಹೇಳಿಟ್ಟೀನಿ. ತಾರೀಖು ಮಾತ್ರ ಹೇಳಿಲ್ಲ."

ಒಳಗಿನಿಂದ ಅಪ್ಪ ಕೂಗಿದರು: "ಅವನಿಗೆ ತಾರೀಖು ಹೇಳಿ ಕಳಿಸ್ರೀ, ಪಾಪ."

ಲಗೇಜು

ಕರೆಯಬೇಕಾಗಿದ್ದೂ ನಾವು ಕರೆಯದೆ ಬಿಟ್ಟವರು ಒಬ್ಬರಿದ್ದರು. ಸಿದ್ದಾಪುರದ ದೋಸ್ತ್ ಅಂತಲೇ ನಮ್ಮ ಮನೆಯಲ್ಲಿ ಅವರ ಹೆಸರು. ಅಪ್ಪನ ಜೊತೆ ಓದಿದವರು, ಹುಡುಗರಾಗಿದ್ದಾಗ ಜಟಿಂಗ ರಾಮೇಶ್ವರದ ಗುಡ್ಡವನ್ನು ಅಪ್ಪನ ಜೊತೆ ಓಡಿ ಹತ್ತಿದವರು. ತಮ್ಮ ಮಗನ ಮದುವೆಗೆ ಅವರು ಖುದ್ದು ಬಂದು ಕರೆಯದೆ, ಕಾರ್ಡನ್ನು ಬಸ್ ಕಂಡಕ್ಟರ್ ಕೈಯಲ್ಲಿ ಕೊಟ್ಟು ಕಳಿಸಿದ್ದರು. "ನಾನೇನು ಲಗೇಜಾ?" ಅಂತ ಅಪ್ಪ ಹೋಗಲಿಲ್ಲ. ಯಾಕೆ ಬರಲಿಲ್ಲ ಅಂತ ಅವರೂ ಕೇಳಲಿಲ್ಲ. ಅಲ್ಲಿಂದ ಮಾತು ಬಿಟ್ಟಿತು.

ಈಗಲಾದರೂ ಕರೆಯೋಣ ಅಂತ ಅವ್ವ ಅಂದರೆ ಅಪ್ಪ ಗೋಡೆ ಕಡೆ ತಿರುಗಿ ಮಲಗಿದರು. "ಬ್ಯಾಡ. ಮದುವೆಗೆ ಕರೀದೆ ಬರಬಾರದು. ಸಾವಿಗೆ ಕರೀಲಿ ಅಂತ ಕಾಯಬಾರದು. ಯಾವುದಕ್ಕೆ ಬರಬೇಕು ಅಂತ ಅವನಿಗೆ ಗೊತ್ತೈತೆ."

ಹೂವಿನವರು

ಹೂವಿನವರು ಸಂತೆಪೇಟೆಯ ಹಳಬರು. ಹಾರ, ಜಡೆ, ಮಂಟಪ ಎಲ್ಲ ಮಾಡುವವರು. ಟೇಬಲ್ ಮೇಲೆ ಇಡುವ ಹೂವು ಬೇಕು ಅಂದೆ. ಗೊತ್ತು, ಒಂದು ಸಲ ಮಾಡಿದ್ದೀನಿ ಅಂದರು. ನನಗೆ ಅಷ್ಟು ಸಾಕಾಯಿತು. ಎಷ್ಟು ಬೇಕು ಅಂದರು. ಜನ ಎಷ್ಟು ಬರ್ತಾರೋ ಗೊತ್ತಿಲ್ಲ, ಜಾಸ್ತಿ ಮಾಡಿಸಿದರೆ ಉಳಿದುಬಿಡುತ್ತೆ ಅಂದೆ.

ಅವರು ನಮ್ಮ ಮನೆಯ ವಿಷಯ ಬಲ್ಲವರು. ಸಮಾಧಾನ ಮಾಡಬೇಕು ಅಂತಲೇ ಹೇಳಿದರು: "ಉಳಿದ್ರೆ ಉಳೀಲಿ ಬಿಡವ್ವ. ನಿಮ್ಮನೆಗೆ ಹೆಂಗೂ ಬೇಕಾಗುತ್ತೆ."

ಸಕ್ಕರೆ ಸಾಲದ ಕಾಫಿ

ಮದುವೆಯ ಹಿಂದಿನ ದಿನ ಹೂವಿನವರು ಮಾದರಿಗೆ ಒಂದನ್ನು ಮಾಡಿ ತಂದು, ನಾವು ಹಾಲ್ ನೋಡಲು ಹೋಗಿದ್ದರಿಂದ ಗೇಟಿಗೆ ಒರಗಿಸಿ ಹೋಗಿದ್ದರು. ಸೇವಂತಿಗೆ, ಸುಗಂಧರಾಜ ಸೇರಿಸಿ ಕಟ್ಟಿದ ದೊಡ್ಡ ಚಕ್ರ. ಅವರು ಹಿಂದೆ ಒಂದು ಸಲ ಟೇಬಲ್ಲಿಗೆ ಹೂವು ಮಾಡಿದ್ದು, ಯಾರೋ ಮುಖಂಡರು ತೀರಿಕೊಂಡು ಅವರ ದೇಹವನ್ನು ಟೇಬಲ್ ಮೇಲೆ ದರ್ಶನಕ್ಕೆ ಇಟ್ಟಿದ್ದಾಗ.

ನಾವು ವಾಪಸ್ ಬರುವಷ್ಟರಲ್ಲಿ ಗೇಟಿನ ಮುಂದೆ ಚಪ್ಪಲಿಗಳ ರಾಶಿ. ಅವ್ವ ನನ್ನ ಕೈಯನ್ನು ಎಷ್ಟು ಗಟ್ಟಿ ಹಿಡಿದರೆಂದರೆ ಬಳೆಯ ಗುರುತು ಮೂಡಿತು. ಗೇಟಿನ ಚಕ್ರ ನೋಡಿ, ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ ಅಂತ ಪಕ್ಕದ ಮನೆಯವರು ಆಗಲೇ ಕ್ಯಾನಿನಲ್ಲಿ ಕಾಫಿ ತಂದಿದ್ದರು. ಬೀದಿಯ ಹೆಂಗಸರೆಲ್ಲ ಕಣ್ಣೊರೆಸಿಕೊಳ್ಳುತ್ತ ಪಡಸಾಲೆಯಲ್ಲಿ ಕೂತಿದ್ದರು.

ಕೋಣೆಯಲ್ಲಿ ಅಪ್ಪ ಮಂಚದ ಮೇಲೆ ದಿಂಬಿಗೆ ಒರಗಿ ಅದೇ ಕಾಫಿಯ ಲೋಟ ಹಿಡಿದಿದ್ದರು. ನಮ್ಮನ್ನು ನೋಡಿ, "ಎಲ್ಲ ಚೆನ್ನಾಗೈತೆ," ಅಂದರು. "ಸಕ್ಕರೆ ಸ್ವಲ್ಪ ಸಾಲದು."

ಬಂದವರು ನಾಚಿಕೊಂಡು ಹೋದರು. ಆದರೆ ಅಷ್ಟರೊಳಗೆ ಸುದ್ದಿ ಬಸ್ ಹತ್ತಿ ಹಳ್ಳಿಗಳಿಗೆ ಹೋಗಿತ್ತು. ಅದು ಸುಳ್ಳು ಅನ್ನುವ ಸುದ್ದಿ ಯಾವ ಬಸ್ಸಿಗೂ ಸಿಗಲಿಲ್ಲ.

ತೊಡೆಯ ಮೇಲೆ ಚಕ್ರ

ಚಕ್ರದ ಚೌಕಟ್ಟುಗಳೆಲ್ಲ ಆಗಲೇ ತಯಾರಾಗಿದ್ದವು, ಬೇರೆ ಕಟ್ಟಿಸಲು ಹೊತ್ತಿರಲಿಲ್ಲ. ನಡುವಿನ ತೂತಿಗೆ ಗುಲಾಬಿ ತುಂಬಿಸಿ ಅಂದೆ. ತುಂಬಿಸಿದರು. ಗುಲಾಬಿ ತುಂಬಿದ ಚಕ್ರಗಳಾದವು.

ಅಪ್ಪ ಉಳಿದರು. ಮದುಮಕ್ಕಳ ತಲೆಗೆ ಅಕ್ಕಿಕಾಳು ಬಿತ್ತು, ಅಕ್ಕ ಅತ್ತಳು, ಸಂಜೆ ಆರತಕ್ಷತೆಗೆ ಜನ ಬಂದರು. ಮದುವೆ ಅಂತ ಬಂದವರು, ಇನ್ನೊಂದು ಅಂತ ಹೊರಟು ದಾರಿಯಲ್ಲಿ ನಿಜ ತಿಳಿದವರು, ಎರಡಕ್ಕೂ ಸೇರಿ ಒಂದೇ ಸಲ ಅಂತ ಬಂದವರು. ಕೊಂಡ್ಲಹಳ್ಳಿಯ ಜೀಪೂ ಬಂತು. ನಮ್ಮ ಕಲ್ಯಾಣ ಮಂಟಪದ ಟೇಬಲ್ಲು ಉದ್ದಕ್ಕೆ ಇರುತ್ತದೆ, ಅಗಲಕ್ಕೆ ಇರುವುದಿಲ್ಲ. ಎಲೆ ಹಾಕಿದರೆ ಹೂವಿಗೆ ಜಾಗವಿಲ್ಲ, ಹೂವು ಇಟ್ಟರೆ ಎಲೆಗೆ ಜಾಗವಿಲ್ಲ. ಕೆಳಗಿಟ್ಟರೆ ಹೂವು ತುಳಿದಂತಾಗುತ್ತದೆ ಅಂತ ಜನ ಚಕ್ರಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ಉಂಡರು. ಗಂಡಿನ ದೊಡ್ಡಮ್ಮನ ತೊಡೆಯ ಮೇಲೂ ಒಂದಿತ್ತು. ಹೋಳಿಗೆ ಮುರಿಯುತ್ತ ನನ್ನನ್ನು ನೋಡಿ, "ಈಗ ಎಣಿಸ್ಕೋ" ಅಂದರು.

ಊಟ ಆಯ್ತಾ

ಅಪ್ಪ ಬಾಗಿಲಲ್ಲಿ ಕೂತಿದ್ದರು. ಎರಡೂ ಕಡೆ ದಿಂಬು, ಮೈತುಂಬ ಶಾಲು. ಬಂದ ಒಬ್ಬೊಬ್ಬರನ್ನೂ ಊಟ ಆಯ್ತಾ ಅಂತ ಕೇಳಿ ಕೇಳಿ ದಣಿದು ಕಣ್ಣು ಮುಚ್ಚಿದರು. ಎಬ್ಬಿಸಬಾರದು ಅಂತ ಜನ ಸದ್ದಿಲ್ಲದೆ ಸಾಲಾಗಿ ಬಂದು ಕೈ ಮುಗಿದು ಮುಂದೆ ಹೋಗುತ್ತಿದ್ದರು.

ಅದೇ ಹೊತ್ತಿಗೆ ಅಡುಗೆಮನೆ ಕಡೆಯ ಬಾಗಿಲಿನಿಂದ ಟವೆಲ್ ಹೊದ್ದ ಮುದುಕರೊಬ್ಬರು ಬಂದರು. ಸಿದ್ದಾಪುರದ ದೋಸ್ತ್. ಬಸ್ಸಿನ ಸುದ್ದಿ ಕೇಳಿ ಮನೆಗೆ ಹೋಗಿದ್ದರಂತೆ. ಬೀಗ ನೋಡಿ, ಎಲ್ಲರೂ ಎಲ್ಲಿ ಅಂತ ಬೀದಿಯಲ್ಲಿ ಕೇಳಿದ್ದಕ್ಕೆ ಯಾರೋ ಹುಡುಗಿ ಮಂಟಪದ ಕಡೆ ಕೈ ತೋರಿಸಿದಳಂತೆ. ಅವರ ಕಣ್ಣಿಗೆ ಬಿದ್ದದ್ದು ಸಾಲು, ಮುಗಿದ ಕೈಗಳು, ಕಣ್ಣು ಮುಚ್ಚಿ ಕೂತ ಅಪ್ಪ. ಉಂಡೆದ್ದವರು ಟೇಬಲ್ ಮೇಲೆ ಬಿಟ್ಟುಹೋಗಿದ್ದ ಒಂದು ಚಕ್ರ ಎತ್ತಿಕೊಂಡು ಬಂದು ಅಪ್ಪನ ಪಾದಕ್ಕೆ ಇಟ್ಟು, ಅದರ ಮೇಲೆ ಹಣೆ ಹಚ್ಚಿದರು.

"ಒಂದು ಕಾರ್ಡಿಗೆ ಮಾತು ಬಿಟ್ಟು ಹೋದ್ಯೇನಲೇ," ಅಂತ ಅಳತೊಡಗಿದರು.

ತಡೆಯಬೇಕಿತ್ತು. ನಾನು ಸಾಲು ದಾಟಿ ಬರುವಷ್ಟರಲ್ಲಿ ತಡವಾಗಿತ್ತು.

ಅಪ್ಪ ಕಣ್ಣು ಬಿಟ್ಟರು. ಮೊದಲು ಚಕ್ರ ನೋಡಿದರು, ಆಮೇಲೆ ದೋಸ್ತನ ತಲೆ ನೋಡಿದರು.

"ನಿನ್ನ ಕರೀದಂಗೆ ಹೋಗ್ತೀನೇನಲೇ? ಅದನ್ನ ಎಲ್ಲಿತ್ತೋ ಅಲ್ಲಿಡು. ಊಟ ಆಯ್ತಾ?"

ಅವರು ಉಂಡರು. ಅಪ್ಪನ ಪಕ್ಕದಲ್ಲೇ ಕುರ್ಚಿ ಹಾಕಿಸಿಕೊಂಡು, ಎಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಮೂಗು ಒರೆಸಿಕೊಳ್ಳುತ್ತ, ಪಾಯಸ ಎರಡು ಸಲ ಹಾಕಿಸಿಕೊಂಡರು.

ಆಷಾಢದಲ್ಲಿ ಅಪ್ಪ ಹೋದರು. ಸಿದ್ದಾಪುರಕ್ಕೆ ಕಂಡಕ್ಟರ್ ಕೈಯಲ್ಲಿ ಹೇಳಿ ಕಳಿಸಲಿಲ್ಲ. ಮಾವ ಖುದ್ದು ಹೋಗಿ ಕರೆದು ಬಂದರು. ದೋಸ್ತ್ ಬರಿಗೈಯಲ್ಲಿ ಬಂದು ಅಪ್ಪನ ತಲೆಯ ಹತ್ತಿರ ಕೂತರು. ಹೂವು ತರಲಿಲ್ಲವಾ ಅಂತ ಯಾರೋ ಕೇಳಿದರು.

"ತಡೀರಿ. ಹೋದ ಸಲ ಬೈದಾನೆ. ಏಳ್ತಾನೇನೋ ನೋಡಾಣ," ಅಂದರು.

ಬಹಳ ಹೊತ್ತು ನೋಡಿದರು. ಆಮೇಲೆ ಹೂವು ತರಲು ಎದ್ದರು.