ಧಾಬಳಿ ಸುತ್ತಿಕೊಂಡು ಸೌಂಡ್ ಕಾರ್ಡ್ ಕೂರಿಸಲು ಹೋದದ್ದು

ಪುಣೆ ಬಳಿಯ ಚಾಕಣದ ಕಾರ್ಖಾನೆಯೊಂದರ ಆಫೀಸಿನಲ್ಲಿ ದಿನವೂ ಲಾರಿಗಟ್ಟಲೆ ಬಿಡಿಭಾಗಗಳಿಗೆ ಗೇಟ್ ಪಾಸ್ ಬರೆಯುವವನು ನಾನು. ನನಗೆ ಅಂಗೈಯಗಲದ ಒಂದು ಸೌಂಡ್ ಕಾರ್ಡ್ ಯಾವ ಲೆಕ್ಕ!

ನಮ್ಮ ಪುಣೆಯ ಮನೆಯ ಹಳೆಯ ಕಂಪ್ಯೂಟರಿನ ದನಿ ನಿಂತುಹೋಗಿ, ಹೊಸ ಸೌಂಡ್ ಕಾರ್ಡ್ ತರಿಸಿದ್ದೆವು. ಅಂದು ಸಂಜೆ ಐದಕ್ಕೆ ನನ್ನ ಹೆಂಡತಿ ಸುಶೀಲಾ ಮೊದಲ ಬಾರಿಗೆ ಆನ್‌ಲೈನಿನಲ್ಲಿ ದೇವರನಾಮ ಕಲಿಸುವವಳಿದ್ದಳು. ಇಷ್ಟು ವರ್ಷ ಒಗ್ಗರಣೆ ಸದ್ದಿನ ಜೊತೆ ಹಾಡಿಕೊಂಡವಳು, ಪಾಪ. ಈಗ ಊರೂರಿನ ಹೆಂಗಸರು ಅವಳ ಪಾಠಕ್ಕೆ ಕಾಯುತ್ತಿದ್ದರು. ದನಿಯಿಲ್ಲದೆ ಎಂಥ ಸಂಗೀತ?

"ಸದರಿ ಕಾರ್ಯವು ನನ್ನ ಹಸ್ತದಿಂದಲೇ ನೆರವೇರತಕ್ಕದ್ದು!" ಎಂದು ಘೋಷಿಸಿದೆ.

ಸುಶೀಲಾ ಡಬ್ಬಿಯ ಜೊತೆ ಬಂದಿದ್ದ ಕಾಗದ ಓದತೊಡಗಿದಳು. "ಎಲ್ಲಾ ತಯಾರಾಗೋತನಕ ಕಾರ್ಡು ಬೆಳ್ಳಿ ಬಣ್ಣದ ಚೀಲದಿಂದ ಹೊರಗ ತಗೀಬಾರದಂತ. ಅಂಚಷ್ಟ ಹಿಡೀಬೇಕಂತ. ಬಂಗಾರದ ಹಲ್ಲು ಮುಟ್ಟಬಾರದಂತ. ಅಲ್ರೀ, ಇದು ಥೇಟ್ ನಿಮ್ಮ ಅವ್ವನ ಮಡಿ ಇದ್ದಂಗ ಅದ!"

ನನಗೆ ಅಷ್ಟೇ ಸಾಕಾಯಿತು. ಮುಂದಿನದನ್ನು ಕೇಳುವ ತಾಳ್ಮೆ ಯಾರಿಗಿದೆ? "ಮಡಿ ನಮಗ ಹೊಸದೇನು?" ಎಂದವನೇ ಸ್ನಾನ ಮಾಡಿ, ಅವ್ವನ ಟ್ರಂಕಿನಲ್ಲಿದ್ದ ಉಣ್ಣೆಯ ಧಾಬಳಿ ಸುತ್ತಿಕೊಂಡು ಬಂದೆ. ಹತ್ತಿ ಬಟ್ಟೆಯನ್ನಾದರೆ ಒಗೆದು ಒಣಗಿಸಬೇಕು, ಧಾಬಳಿ ಯಾವಾಗಲೂ ಮಡಿ ಎಂದು ಅವ್ವ ಹೇಳುತ್ತಿದ್ದಳು. ಪುಣೆಯ ಒಣ ಚಳಿಗೆ ಬೆಚ್ಚಗೂ ಆಯಿತು.

ಕತ್ತರಿ ಸಿಗಲಿಲ್ಲ. ಈಳಿಗೆಯಿಂದ ಡಬ್ಬಿ ಸೀಳಿದೆ. ಜೊತೆಗೆ ಥರ್ಮೋಕೋಲೂ ಸೀಳಿತು! ಬಿಳಿ ಕಾಳುಗಳು ಹಾರಿ ಧಾಬಳಿಗೆ ಅಂಟಿಕೊಂಡವು. ಕೊಡವಿದರೆ ಕೈಗೆ ಬಂದವು. ಕೈ ಒರೆಸಿದರೆ ಮೀಸೆಗೆ ಬಂದವು. ಬಾಗಿಲಲ್ಲಿ ನಿಂತ ನೆರೆಮನೆಯ ಮರಾಠಿ ಕಾಕು, "ಅಗ್ಗಬಾಯಿ! ಹೆ ಕಾಯ್?" ಎಂದು, ಇದೇನು ಅವತಾರ ಎಂಬಂತೆ ಬಾಯಿಗೆ ಸೆರಗು ಹಿಡಿದರು.

"ಪೂಜಾ ಚಾಲೂ ಆಹೆ" ಎಂದು ಗಂಭೀರವಾಗಿ ಹೇಳಿ ಬೆಳ್ಳಿ ಚೀಲ ಎತ್ತಿಕೊಂಡೆ. ಮೊಣಕೈ ಉಕ್ಕಿನ ಕಪಾಟಿಗೆ ತಗುಲಿತು. ಚಟ್! ಕಿಡಿ ಹಾರಿತು. ನಾನೂ ಹಾರಿದೆ. ಚೀಲ ನನಗಿಂತ ಎತ್ತರ ಹಾರಿತು!

ಸುಶೀಲಾ ಅದನ್ನು ಗಾಳಿಯಲ್ಲೇ ಹಿಡಿದಳು. ಅದೂ ಅಂಚಿನಲ್ಲಿ!

"ಹತ್ತಿ ಬಟ್ಟಿ ಹಾಕ್ಕೋರಿ, ಉಣ್ಣಿ ಅಗದೀ ಬ್ಯಾಡ, ಅದರಾಗ ಕರೆಂಟ್ ಹುಟ್ಟತದ ಅಂತ ಮುಂದ ಬರದಾರ. ಕೇಳೋದರೊಳಗ ಓಡಿದ್ರಿ! ಈಗ ದೂರ ನಿಲ್ರಿ. ಏನೂ ಮುಟ್ಟಬ್ಯಾಡ್ರಿ."

ನಿಂತೆ. ಸುಶೀಲಾ ಹತ್ತಿ ಸೀರೆಯ ಸೆರಗು ಸೊಂಟಕ್ಕೆ ಸಿಗಿಸಿ, ಬಳೆ ತೆಗೆದಿಟ್ಟು, ಪ್ಲಗ್ ಕಿತ್ತು, ಕಂಪ್ಯೂಟರಿನ ಮುಚ್ಚಳ ತೆಗೆದು, ಕರೆಂಟ್ ಇಳಿಯಲೆಂದು ಅದರ ಕಬ್ಬಿಣದ ಮೈ ಒಮ್ಮೆ ಮುಟ್ಟಿ, ಆಮೇಲೆ ಕಾರ್ಡು ಹೊರತೆಗೆದಳು. ಹಸಿ ಹಪ್ಪಳ ಎತ್ತುವಷ್ಟು ಹಗುರ ಕೈ. ಒಳಗಿನ ಸೀಳಿನಲ್ಲಿ ನೇರ ನಿಲ್ಲಿಸಿ ಒತ್ತಿದಳು. ಟಕ್! ಒಂದು ಅವಸರವಿಲ್ಲ, ಒಂದು ಗಾಬರಿಯಿಲ್ಲ. ಭಲೇ ಎನ್ನಬೇಕು! ನನಗೆ ಹೆಮ್ಮೆಯಿಂದ ಕಣ್ಣು ತುಂಬಿತು. ಅದಕ್ಕೂ ಒಂದು ಥರ್ಮೋಕೋಲ್ ಕಾಳು ಅಂಟಿಕೊಂಡಿತು.

ಐದಕ್ಕೆ ಸರಿಯಾಗಿ ಸುಶೀಲಾ ಹಾಡಿದಳು. ಆ ಕಡೆಯಿಂದ ಹೆಂಗಸರು ತಿರುಗಿ ಹಾಡಿದರು. ದನಿ ಬಂತು! ನಾನು ಸಂತೋಷ ತಡೆಯಲಾರದೆ ಅವಳ ಹೆಗಲ ಮೇಲಿಂದ ಬಗ್ಗಿ, "ಛಲೋ ಕೇಳಸ್ತದೇನ್ರಿ?" ಎಂದೆ.

ಪರದೆಯ ಮೇಲಿನ ಹೆಂಗಸೊಬ್ಬರು ಕಣ್ಣು ಕಿರಿದು ಮಾಡಿ ನೋಡಿದರು.

"ಸುಶೀಲಾಬಾಯಿ, ಹಿಂದ ಯಾರ್ರಿ ಅವರು? ಸಾಬೂದಾಣಿ ಡಬ್ಬಿಯೊಳಗ ಬಿದ್ದು ಬಂದಾರೇನ್ರಿ?"

ಸೌಂಡ್ ಕಾರ್ಡ್ ಮಾತ್ರ ಅತ್ಯುತ್ತಮವಾಗಿತ್ತು. ಅಷ್ಟೂ ಹೆಂಗಸರ ನಗು ಒಂದೊಂದಾಗಿ, ಸ್ಪಷ್ಟವಾಗಿ ಕೇಳಿಸಿತು. ಎಲ್ಲರಿಗಿಂತ ಜೋರಾಗಿ ನಕ್ಕವಳು ನನ್ನ ಪಕ್ಕದಲ್ಲೇ ಇದ್ದಳು.