ಭಾವನವರ ಮಡಿ ಮೀನು

ನಮ್ಮ ಭಾವನವರು ಜನಿವಾರವಿಲ್ಲದ ಮೀನನ್ನು ಅಂಗಡಿಯೊಳಕ್ಕೆ ಸೇರಿಸುವುದಿಲ್ಲ ಎಂದು ನಂಜನಗೂಡಿನಲ್ಲಿ ಒಂದು ಮಾತು ಹಬ್ಬಿದೆ. ಇದು ಶುದ್ಧ ಅಪಪ್ರಚಾರ. ಅವರ ಹೆಂಡತಿಯ ಸ್ವಂತ ತಮ್ಮನಾದ ನಾನು ಕಣ್ಣಾರೆ ನೋಡಿ ಹೇಳುತ್ತಿದ್ದೇನೆ. ಜನಿವಾರದ ವಿಷಯದಲ್ಲಿ ಅವರು ತೀರಾ ಉದಾರಿಗಳು. ಅವರು ವಿಚಾರಿಸುವುದು ಇಷ್ಟೇ: ಮೀನು ಯಾವ ಊರಿನದು, ಯಾವ ನೀರಿನಲ್ಲಿ ಬೆಳೆದದ್ದು, ಅದರ ಜೊತೆಗಾರರ ಆರೋಗ್ಯ ಹೇಗಿದೆ, ನಾಲ್ಕು ಜನರ ಎದುರಿಗೆ ನಾಚಿಕೆಯಿಲ್ಲದೆ ಊಟ ಮಾಡುತ್ತದೆಯೇ. ನನ್ನ ಮದುವೆಯ ಕಾಲದಲ್ಲಿ ನನ್ನ ಬಗ್ಗೆ ಕೂಡ ಯಾರೂ ಇಷ್ಟೆಲ್ಲ ವಿಚಾರಿಸಿರಲಿಲ್ಲ!

ಈರುಳ್ಳಿಯನ್ನು ಬೀದಿ ಬಾಗಿಲಲ್ಲೇ ತಡೆದು ನಿಲ್ಲಿಸುವ ವೈದಿಕರ ಮನೆ ಅವರದು. ತಂದೆ, ತಾತ ಎಲ್ಲರೂ ಪೌರೋಹಿತ್ಯ ಮಾಡಿಕೊಂಡಿದ್ದವರು. ಭಾವನವರು ಮಾತ್ರ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದರು. ನಿವೃತ್ತರಾದವರು ದೇವಸ್ಥಾನದ ಕಟ್ಟೆಯ ಮೇಲೆ ಕೂತು ಸರ್ಕಾರವನ್ನು ಬೈದುಕೊಂಡಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಅದು ಬಿಟ್ಟು, ಮನೆಯ ಮುಂಭಾಗದ ಜಗಲಿಯನ್ನು ಒಡೆಸಿ, ಸಾಕುಪ್ರಾಣಿಗಳ ಅಂಗಡಿ ಇಟ್ಟರು. ಎಡಗಡೆ ನಾಯಿಯ ಬೆಲ್ಟು, ನಾಯಿಯ ಬಿಸ್ಕತ್ತು, ಲವ್ ಬರ್ಡ್ಸ್ ಪಂಜರ. ಇದು ಅಕ್ಕನ ಇಲಾಖೆ. ಬಲಗಡೆ ಗೋಡೆಯುದ್ದಕ್ಕೂ ಗಾಜಿನ ತೊಟ್ಟಿಗಳಲ್ಲಿ ಬಣ್ಣದ ಮೀನು. ಇದು ಭಾವನವರ ಇಲಾಖೆ. ಅಕ್ಕನ ಇಲಾಖೆಯಲ್ಲಿ ಸರಕು ಮಾರಾಟವಾಗುತ್ತಿತ್ತು. ಭಾವನವರ ಇಲಾಖೆಯಲ್ಲಿ ಅದು ಸಾಯುತ್ತಿತ್ತು.

ಸಾವಿಗೆ ನಾಂದಿ ಹಾಡಿದ್ದು ಉದ್ಘಾಟನೆಯ ದಿನವೇ. ಊರ ಪಕ್ಕದಲ್ಲೇ ಕಪಿಲೆ ಹರಿಯುತ್ತಿರುವಾಗ ತೊಟ್ಟಿಗೆ ನಲ್ಲಿ ನೀರು ಹಾಕಲು ಭಾವನವರಿಗೆ ಮನಸ್ಸು ಒಪ್ಪಲಿಲ್ಲ. ಮಡಿಯುಟ್ಟು, ಸ್ನಾನಘಟ್ಟದಿಂದ ಕೊಡಗಳಲ್ಲಿ ನೀರು ತಂದು ಸುರಿದರು. ಆಗ ಮಳೆಗಾಲ. ಹೊಳೆ ಕೆಂಪಗೆ ಬಂದಿತ್ತು. ಉದ್ಘಾಟನೆಗೆ ಬಂದ ನೆಂಟರೆಲ್ಲ ಕಾಫಿ ಬಣ್ಣದ ತೊಟ್ಟಿಗಳ ಮುಂದೆ ನಿಂತು, "ಮೀನೆಲ್ಲಿ?" ಎಂದು ಕೇಳುವವರೇ. "ಇವೆ, ಒಳಗಡೆ ಇವೆ" ಎಂದು ಭಾವನವರು ದೇವರಿದ್ದಾನೆ ಎಂದು ಹೇಳುವ ಧಾಟಿಯಲ್ಲಿ ಉತ್ತರಿಸುತ್ತಿದ್ದರು. ಅಷ್ಟರಲ್ಲಿ ಅವರ ದೊಡ್ಡಪ್ಪನ ಮಗ ಪುಣ್ಯಾಹ ಮುಗಿಸಿ, ದೀರ್ಘಾಯುಷ್ಯವಾಗಲಿ ಎಂದು ಪ್ರತಿಯೊಂದು ತೊಟ್ಟಿಗೂ ಅರಿಸಿನ ಕುಂಕುಮ ಕಲಸಿದ ಮಂತ್ರಾಕ್ಷತೆಯನ್ನು ಧಾರಾಳವಾಗಿ ಹಾಕಿದರು. ಮೀನುಗಳು ಅದನ್ನು ಪ್ರಸಾದವೆಂದು ಸ್ವೀಕರಿಸಿದವು. ಸಂಜೆಯ ಹೊತ್ತಿಗೆ ಒಂದೊಂದಾಗಿ ಹೊಟ್ಟೆ ಮೇಲೆ ಮಾಡಿ ತೇಲತೊಡಗಿದವು.

"ಅಂತೂ ಈಗ ಕಾಣಿಸ್ತಿದಾವಲ್ಲ" ಎಂದಳು ಅಕ್ಕ.

ಅದಾದ ಮೇಲೆ ನಲ್ಲಿ ನೀರನ್ನು ಹಿಡಿದು, ಒಂದು ದಿನ ಹಾಗೇ ಬಿಟ್ಟು, ತಿಳಿಯಾದ ಮೇಲೆ ಹಾಕುವುದನ್ನು ಕಲಿತರು. ಆದರೆ ಗಿರಾಕಿಗಳಿಗೆ ಕಲಿಸುವವರು ಯಾರು? ನಮ್ಮ ಕಡೆ ಸ್ನಾನಘಟ್ಟಕ್ಕೆ ಹೋದವರು ಹೊಳೆಯ ಮೀನಿಗೆ ಒಂದು ಪೊಟ್ಟಣ ಕಡಲೆಪುರಿ ಎರಚಿ ಪುಣ್ಯ ಕಟ್ಟಿಕೊಳ್ಳುತ್ತಾರೆ. ಅದೇ ಜನ ಮನೆಗೆ ಮೀನು ಒಯ್ದರೆ ಅದೇ ಪುಣ್ಯವನ್ನು ಮನೆಯಲ್ಲೇ ಕಟ್ಟಿಕೊಳ್ಳುತ್ತಿದ್ದರು. ತಾಂಡವಪುರದ ಕಡೆಯ ಗಿರಾಕಿಯೊಬ್ಬರು ಸತ್ತ ಗೋಲ್ಡ್ ಫಿಶ್ಶನ್ನು ಕವರಿನಲ್ಲಿ ಹಾಕಿಕೊಂಡು ಬಂದು ಮೇಜಿನ ಮೇಲಿಟ್ಟರು.

"ಏನು ಹಾಕಿದ್ರಿ ಇದಕ್ಕೆ?" ಎಂದರು ಭಾವನವರು.

"ಏನೂ ಇಲ್ಲ ಸ್ವಾಮಿ, ಒಂದಿಡಿ ಪುರಿ ಆಕ್ದೆ. ಒಳೇಲಿ ಎಲ್ಲಾರೂ ಆಕಲ್ವಾ? ಅಲ್ಲಿ ಗುಂಡ್ಕಲ್ಲಂಗೆ ಇರ್ತವೆ."

"ಹೊಳೇಲಿ ಮಿಕ್ಕಿದ್ದು ಹರಿದು ನರಸೀಪುರಕ್ಕೆ ಹೋಗುತ್ತೆ. ನಿಮ್ಮನೆ ತೊಟ್ಟೀದು ಎಲ್ಲಿಗೆ ಹೋಗುತ್ತೆ?"

ಆವತ್ತಿನಿಂದ ಭಾವನವರು ಗಿರಾಕಿಗಳನ್ನೂ ಪರೀಕ್ಷಿಸಲು ಶುರು ಮಾಡಿದರು. ಮನೆಯಲ್ಲಿ ಎಷ್ಟು ಜನ, ಯಾರು ಊಟ ಹಾಕುವವರು, ಹಾಕಿದ್ದನ್ನು ಮರೆತು ಇನ್ನೊಮ್ಮೆ ಹಾಕುವ ಅಜ್ಜಿ ಯಾರಾದರೂ ಇದ್ದಾರೆಯೇ! ಕಳಲೆಯಿಂದ ಎರಡು ಮೀನು ಕೊಳ್ಳಲು ಬಂದಿದ್ದ ಗೃಹಿಣಿಯೊಬ್ಬರು ಅರ್ಧ ಗಂಟೆ ಉತ್ತರ ಕೊಟ್ಟು, ಕೊನೆಗೆ "ಯಜಮಾನರನ್ನ ಕೇಳ್ಕೊಂಡು ಬರ್ತೀನಿ" ಎಂದು ಬರಿಗೈಯಲ್ಲಿ ಹೊರಟರು. ಪಾಪ, ಹೋಗುವಾಗ ಅಕ್ಕನ ಹತ್ತಿರ ನಾಯಿಯ ಬೆಲ್ಟೊಂದನ್ನು ಕೊಂಡರು. ಅವರ ಮನೆಯಲ್ಲಿ ನಾಯಿ ಇತ್ತೋ ಇಲ್ಲವೋ ಗೊತ್ತಿಲ್ಲ.

ಇಷ್ಟೆಲ್ಲ ಮಾಡಿದರೂ ಅಂಗಡಿಯಲ್ಲಿ ಮೀನು ಸಾಯುವುದು ನಿಲ್ಲಲಿಲ್ಲ. ದೂರದ ಊರುಗಳಿಂದ ಪ್ಲಾಸ್ಟಿಕ್ ಚೀಲಗಳಲ್ಲಿ, ರೈಲು ಬಸ್ಸುಗಳಲ್ಲಿ ಕುಲುಕಾಡಿಕೊಂಡು ಬರುತ್ತಿದ್ದ ಸರಕು ಅದು. ಬರುವಾಗಲೇ ಅರ್ಧ ಜೀವವಾಗಿರುತ್ತಿತ್ತು. ಒಂದಕ್ಕೆ ರೋಗ ಬಂದರೆ ವಾರದಲ್ಲಿ ತೊಟ್ಟಿಗಳಿಗೆಲ್ಲ ಹಬ್ಬುತ್ತಿತ್ತು. ಭಾವನವರೋ, ಒಂದು ಮೀನು ಸತ್ತರೂ ತಲೆಗೆ ತಣ್ಣೀರು ಸುರಿದುಕೊಂಡು, ಆ ಹೊತ್ತಿನ ಊಟ ಬಿಟ್ಟು, ಮೂಲೆಯ ಸ್ಟೂಲಿನ ಮೇಲೆ ಗೋಡೆ ನೋಡುತ್ತ ಕೂತುಬಿಡುವವರು. ನಾನು ಮೊದಮೊದಲು ನಗುತ್ತಿದ್ದೆ. ಅವರು ಇಳಿದುಹೋದದ್ದು ಅಂಗಿಯ ಕಾಲರಿನಲ್ಲಿ ಕಾಣತೊಡಗಿದ ಮೇಲೆ ನಗು ಬರಲಿಲ್ಲ.

ಕೊನೆಗೆ ಒಂದು ದಿನ ಅಕ್ಕ ತೀರ್ಪು ಕೊಟ್ಟಳು. "ನೋಡಿ, ಇನ್ನೊಂದೇ ಸಲ. ಈ ಸಲ ತಂದದ್ದೂ ಸತ್ತರೆ ತೊಟ್ಟಿಗಳನ್ನೆಲ್ಲ ಕೊಟ್ಟುಬಿಡೋಣ. ಆ ಜಾಗದಲ್ಲಿ ಮೊಲ ಇಡ್ತೀನಿ."

"ಮೊಲಾನಾ?" ಎಂದರು ಭಾವನವರು. ತಮ್ಮ ಜಾಗಕ್ಕೆ ಬೇರೆ ಅಳಿಯನನ್ನು ತರುತ್ತೇವೆ ಎಂದಿದ್ದರೂ ಅವರ ಮುಖ ಅಷ್ಟು ಬಾಡುತ್ತಿರಲಿಲ್ಲ.

ಹೀಗೆ ಶುರುವಾಯಿತು ಒಳ್ಳೆಯ ಮೀನಿನ ಹುಡುಕಾಟ. ನಾನು ಟಿ. ನರಸೀಪುರದಲ್ಲಿ ಮೇಷ್ಟರ ಕೆಲಸದಲ್ಲಿರುವವನು. ಅಲ್ಲಿಂದ ಮುಡುಕುತೊರೆಗೆ ಹೋಗುವ ದಾರಿಯಲ್ಲಿ ರೈತರೊಬ್ಬರು ಕಾಲುವೆ ಪಕ್ಕದ ಗದ್ದೆಯಲ್ಲಿ ಸಿಮೆಂಟು ತೊಟ್ಟಿ ಕಟ್ಟಿ ಬಣ್ಣದ ಮೀನು ಸಾಕುತ್ತಾರೆಂದು ಯಾರೋ ಹೇಳಿದ್ದನ್ನು ಬಾಯಿ ತಡೆಯದೆ ಭಾವನವರಿಗೆ ಹೇಳಿಬಿಟ್ಟೆ. ಮರುದಿನವೇ ಅವರ ಸ್ಕೂಟರು ನಮ್ಮ ಮನೆ ಮುಂದಿತ್ತು. "ಇಲ್ಲೇ ಹುಟ್ಟಿ, ಇಲ್ಲೇ ನೀರು ಕುಡಿದು ಬೆಳೆದಿರೋವು ಕಣಯ್ಯಾ. ಹತ್ತು, ಹೊರಡೋಣ" ಎಂದರು.

ರೈತರು ಕುರ್ಚಿ ಹಾಕಿಸಿದರು. ಒಳಗಿನಿಂದ ಕಾಫಿ ಬಂತು. ಭಾವನವರು ಅದನ್ನು ಮುಟ್ಟಲಿಲ್ಲ. "ಕಾಫಿ ಆಮೇಲೆ. ಮೊದಲು ಇವಕ್ಕೆ ಊಟ ಹಾಕಿ, ನೋಡಬೇಕು" ಎಂದರು. ಮೀನುಗಳು ಊಟ ಮಾಡಿದವು. ಭಾವನವರು ಬಗ್ಗಿ, ಕನ್ನಡಕ ಒರೆಸಿಕೊಂಡು, ಒಂದೊಂದು ತೊಟ್ಟಿಯ ಮುಂದೆಯೂ ಕೂತು, ಎದ್ದು, ಮತ್ತೆ ಕೂತು ನೋಡಿದರು. ಬಿಸಿಲು ಮರದಿಂದ ಮರಕ್ಕೆ ಸರಿಯಿತು.

ರೈತರು ನನ್ನ ಕಿವಿಯ ಹತ್ತಿರ ಬಂದು, "ಸಾ, ನಿಮ್ ಭಾವ್ನೋರು ಮೀನ್ ತಗಳಕ್ ಬಂದವ್ರೋ, ಎಣ್ಣು ನೋಡಕ್ ಬಂದವ್ರೋ?" ಎಂದರು.

"ಹೆಣ್ಣಾಗಿದ್ರೆ ಯಾವಾಗಲೋ ಒಪ್ಪಿರ್ತಿದ್ರು. ನಮ್ಮಕ್ಕನ್ನ ನೋಡಕ್ಕೆ ಬಂದಾಗ ಅರ್ಧ ಲೋಟ ಕಾಫಿಗೇ ಹೂಂ ಅಂದಿದ್ರು" ಎಂದೆ.

ರೈತರು ತಮ್ಮ ಹೆಮ್ಮೆಯ ಮೀನನ್ನು ತೋರಿಸಿದರು. ಅಂಗೈಯಗಲ, ಪಂಜಿನ ಬಣ್ಣ, ಹಿಂದೆ ರೇಷ್ಮೆ ಸೆರಗಿನಂಥ ಬಾಲ. ನನಗಂತೂ ಕಣ್ಣು ಕೀಳಲಾಗಲಿಲ್ಲ. ಭಾವನವರು ತಲೆ ಅಲ್ಲಾಡಿಸಿದರು. "ಚೆನ್ನಾಗೇನೋ ಇದೆ. ಆದರೆ ರೆಕ್ಕೆ ಮಡಿಸ್ಕೊಂಡು ಮೂಲೇಲಿ ನಿಂತಿದೆ."

"ಅದ್ಕೆ ಒಸಿ ನಾಚ್ಕೆ ಜಾಸ್ತಿ ಸ್ವಾಮಿ."

"ನಾಚಿಕೆಗೆ ಯಾರೂ ಇಷ್ಟು ಜೋರಾಗಿ ಉಸಿರಾಡಲ್ಲ. ಹೊಟ್ಟೆ ಹತ್ತಿರ ನೋಡಿ, ರವೆ ಚೆಲ್ಲಿದ ಹಾಗೆ ಬಿಳಿ ಚುಕ್ಕೆ ಇವೆ. ಇದು ಬೇಡ, ಇದೇ ತೊಟ್ಟೀಲಿರೋ ಬೇರೆಯವೂ ಬೇಡ."

ರೈತರು ಬಗ್ಗಿ ನೋಡಿದರು, ಮುಖ ಸಪ್ಪಗಾಯಿತು. "ಊಂ, ನಿಜ ಅದೆ. ನಾನೂ ನೋಡಿರ್ನಿಲ್ಲ. ಬುಡಿ, ಇವತ್ತೇ ಬ್ಯಾರೆ ಮಾಡ್ತೀನಿ" ಎಂದರು.

ಕಡೆಗೆ ಭಾವನವರು ಆರಿಸಿದ್ದು ಹೊಟ್ಟೆಬಾಕರಂತೆ ಮೇಲೆ ಬಿದ್ದು ತಿನ್ನುತ್ತಿದ್ದ ಪುಟ್ಟ ಗಪ್ಪಿ, ಮೊಲ್ಲಿಗಳನ್ನು. ಚೆಲುವು ಅಷ್ಟಕ್ಕಷ್ಟೇ, ಚುರುಕು ಮಾತ್ರ ಹೇಳತೀರದು. ಮೀನಿನ ಜೊತೆಗೆ ಒಂದು ಕ್ಯಾನು ಅದರ ತವರಿನ ನೀರನ್ನೂ ಕೇಳಿ ಪಡೆದರು. ವಾಪಸ್ಸು ಬರುವಾಗ ಚೀಲಗಳು ನನ್ನ ಮಡಿಲಲ್ಲಿ. ಕುಲುಕಬಾರದೆಂದು ಭಾವನವರು ಸ್ಕೂಟರನ್ನು ಯಾವ ವೇಗದಲ್ಲಿ ಬಿಟ್ಟರೆಂದರೆ, ಕಬ್ಬು ತುಂಬಿದ ಎತ್ತಿನ ಗಾಡಿಯೊಂದು ನಮ್ಮನ್ನು ಹಿಂದೆ ಹಾಕಿತು. ಗಾಡಿಯವನು ತಿರುಗಿ ನೋಡಿ, "ಕೆಟ್ಟೋಯ್ತಾ ಸಾ?" ಎಂದು ಮರುಗಿದ.

ಮೀನು ಮನೆಗೆ ಬಂದರೆ ಕೆಲಸ ಮುಗಿಯಿತೇ? ಮಡಿ ಶುರುವಾದದ್ದೇ ಆಮೇಲೆ. ಹಿತ್ತಿಲ ಕೋಣೆಯಲ್ಲಿ ಒಂದು ಮೈಲಿಗೆ ತೊಟ್ಟಿ. ಅಮಾವಾಸ್ಯೆಗೆ ಬಂದ ಮೀನು ಅದರಲ್ಲೇ ಇದ್ದು, ಆರೋಗ್ಯವಾಗಿದ್ದರೆ ಹುಣ್ಣಿಮೆಗೆ ಅಂಗಡಿ ಪ್ರವೇಶ. ಆ ತೊಟ್ಟಿಯ ಬಲೆ ಬೇರೆ, ಬಕೆಟ್ಟು ಬೇರೆ, ಒರೆಸುವ ಬಟ್ಟೆ ಬೇರೆ. ಅಂಗಡಿಯ ಮೀನಿಗೆ ಊಟ, ನೀರು ಎಲ್ಲ ಮುಗಿಸಿದ ಮೇಲೆ ಕೊನೆಗೆ ಇವುಗಳ ಸರದಿ, ಆಮೇಲೆ ಭಾವನವರಿಗೆ ಸ್ನಾನ. ಏಕಾದಶಿಯ ದಿನ ಎಲ್ಲ ತೊಟ್ಟಿಗೂ ಉಪವಾಸ, ಹೊಟ್ಟೆಗೆ ಒಳ್ಳೆಯದಂತೆ. ನಾನೊಮ್ಮೆ ತಿಳಿಯದೆ ಮೈಲಿಗೆ ತೊಟ್ಟಿಗೆ ಬೆರಳದ್ದಿ, ಅದೇ ಬೆರಳನ್ನು ಅಂಗಡಿಯ ತೊಟ್ಟಿಯತ್ತ ಚಾಚಿದೆ. ಭಾವನವರು ನನ್ನ ಮಣಿಕಟ್ಟು ಹಿಡಿದು, ಕಳ್ಳನನ್ನು ಠಾಣೆಗೆ ಒಯ್ಯುವಂತೆ ನಲ್ಲಿಯ ಬಳಿಗೆ ಒಯ್ದು ಸೋಪು ಹಾಕಿ ತೊಳೆಸಿದರು.

"ಅತ್ತೆ ಮಡಿ ಅಂದ್ರೆ ಜಗಳಕ್ಕೆ ನಿಲ್ತಿದ್ರಿ. ಈಗ ನೀವೇ ಅವರನ್ನ ಮೀರಿಸಿದ್ರಿ" ಎಂದಳು ಅಕ್ಕ.

"ಅಮ್ಮ ಮಡಿ ಮಾಡ್ತಿದ್ದದ್ದು ಮನುಷ್ಯರ ವಿರುದ್ಧ. ಅದಕ್ಕೇ ಜಗಳ ಆಡ್ತಿದ್ದೆ. ನಾನು ಮಾಡ್ತಿರೋದು ರೋಗದ ವಿರುದ್ಧ ಕಣೇ" ಎಂದರು ಭಾವನವರು.

ಹುಣ್ಣಿಮೆ ಬಂತು, ಮೀನುಗಳು ಅಂಗಡಿ ಸೇರಿದವು. ಮೊಲವೋ ಮೀನೋ ಎಂಬುದು ತೀರ್ಮಾನವಾಗಬೇಕಾದದ್ದು ಇನ್ನು ಮುಂದೆ. ಕೆಲವು ದಿನಗಳ ನಂತರ ರಜೆ ಸಿಕ್ಕಿತೆಂದು ನಾನು ನಂಜನಗೂಡಿಗೆ ಹೋಗಿ ಅವರ ಮನೆಯಲ್ಲೇ ಉಳಿದೆ.

ಬೆಳಗ್ಗೆ ಬೇಗ ಎಚ್ಚರವಾಯಿತು. ಅಂಗಡಿಯ ದೀಪ ಉರಿಯುತ್ತಿತ್ತು. ಹೋಗಿ ನೋಡಿದರೆ ಅಕ್ಕ, ಕೈಯಲ್ಲಿ ಪುಟ್ಟ ಬಲೆ ಹಿಡಿದು ತೊಟ್ಟಿಯಿಂದ ತೊಟ್ಟಿಗೆ ಬಗ್ಗಿ ನೋಡುತ್ತಿದ್ದಳು. ನನ್ನನ್ನು ಕಂಡು ತುಟಿಯ ಮೇಲೆ ಬೆರಳಿಟ್ಟಳು.

"ಅವರು ಏಳೋದರೊಳಗೆ ಸತ್ತವನ್ನ ಎತ್ತಿಬಿಡ್ತೀನಿ ಕಣೋ. ಅಂಗಡಿ ಇಟ್ಟಾಗಿನಿಂದ ಇದೇ ಕೆಲಸ. ಹಿತ್ತಿಲಲ್ಲಿ ಮಣ್ಣು ಮಾಡಿ ಬಂದು, ಅವರು ಕೇಳಿದ್ರೆ ಬೆಳಿಗ್ಗೆ ಯಾರೋ ಬಂದು ಕೊಂಡ್ಕೊಂಡು ಹೋದ್ರು ಅಂತೀನಿ. ಎಲ್ಲ ಸಾವನ್ನೂ ಅವರು ನೋಡಿದ್ರೆ ಇಷ್ಟೊತ್ತಿಗೆ ಹಾಸಿಗೆ ಹಿಡಿದಿರ್ತಿದ್ರು. ಅವರಿಗೆ ಹೇಳಬೇಡ."

ಕೊನೆಯ ತೊಟ್ಟಿಯನ್ನೂ ನೋಡಿ ಮುಗಿಸಿದಳು. ಬಲೆ ನೀರಿಗಿಳಿಯದೆ ಒಣಗಿದ್ದ ಹಾಗೇ ಇತ್ತು. ಅದನ್ನು ಮೊಳೆಗೆ ನೇತುಹಾಕಿ, ಹಗುರವಾಗಿ ಅಡಿಗೆಮನೆಗೆ ನಡೆದಳು.

ಸ್ವಲ್ಪ ಹೊತ್ತಿಗೆ ಭಾವನವರು ಎದ್ದು ಬಂದು ನನ್ನ ಪಕ್ಕ ಕೂತರು. ಅಡಿಗೆಮನೆಯ ಕಡೆ ಒಮ್ಮೆ ನೋಡಿ, ಮೆಲ್ಲಗೆ ಕೇಳಿದರು. "ನಿಮ್ಮಕ್ಕ ಹಿತ್ತಿಲಿಗೆ ಹೋದ್ಲೇನಯ್ಯಾ ಇವತ್ತು?"

"ಇಲ್ಲವಲ್ಲ ಭಾವ" ಎಂದೆ.

"ಕೋಳಿ ಕೂಗೋ ಹೊತ್ತಿಗೆ ಬಂದು ಮೀನು ಕೊಳ್ಳೋರು ಯಾರಿದ್ದಾರೆ ಈ ಊರಲ್ಲಿ? ನನಗೆ ಮೊದಲಿಂದ ಗೊತ್ತು. ಮೊಲ ಇಟ್ರೆ ಇಡಲಿ, ನನಗೇನಾಗಬೇಕು. ಚಳೀಲಿ ಒಬ್ಬಳೇ ಎದ್ದು ದಿನಾ ಸತ್ತದ್ದನ್ನ ಎತ್ತಿ ಮಣ್ಣು ಮಾಡ್ತಾಳೆ. ಅದು ತಪ್ಪಲಿ ಅಂತ ಒಳ್ಳೆ ಮೀನು ಹುಡುಕ್ದೆ. ಅವಳಿಗೆ ಹೇಳಬೇಡ."

ಈ ಮನುಷ್ಯರನ್ನು ನೋಡಿ ಇಷ್ಟು ವರ್ಷ ಬರೀ ನಕ್ಕಿದ್ದೆನಲ್ಲ ಎನ್ನಿಸಿತು. ಭಾವನವರು ಎದ್ದು ಅಡಿಗೆಮನೆಯ ಬಾಗಿಲಲ್ಲಿ ನಿಂತರು.

"ಏನೇ, ಇವತ್ತು ಬೆಳಿಗ್ಗೆ ಮೀನು ಯಾವುದೂ ವ್ಯಾಪಾರ ಆಗಲಿಲ್ವಾ?"

"ಇಲ್ಲಾರೀ" ಎಂದಳು ಅಕ್ಕ. ಹಾಲು ಉಕ್ಕುವುದನ್ನೂ ಮರೆತು ನಗುತ್ತಿದ್ದಳು. "ಇವತ್ತು ಒಂದೂ ಹೋಗಲಿಲ್ಲ."