ಮಾವನ ಮುಗಿಯದ ಫೈನಲ್

ನನ್ನ ಸೋದರಮಾವ ಗಾಳಿಬೀಡಿನಲ್ಲಿ ಅಂತಾರಾಷ್ಟ್ರೀಯ ಬ್ಯಾಡ್ಮಿಂಟನ್ ಪಂದ್ಯಾವಳಿ ನಡೆಸುತ್ತಾರೆ ಎಂದರೆ ನೀವು ನಂಬುವುದಿಲ್ಲ. ನಂಬಬೇಡಿ. ಅದರ ಕಾಯಂ ಅಂಪೈರ್ ಆದ ನನಗೇ ಇನ್ನೂ ಪೂರ್ತಿ ನಂಬಿಕೆ ಬಂದಿಲ್ಲ! ವರ್ಷಾ ವರ್ಷಾ ಮೆಣಸು ಕೊಯ್ಯುವ ಏಣಿಯ ತುದಿಯಲ್ಲಿ ಕೂತು ಪಾಯಿಂಟ್ ಕೂಗಿದ್ದೇನೆ. ಒಬ್ಬ ಚಾಂಪಿಯನ್ನನ್ನಾದರೂ ಕಂಡೆನೇ? ಇಲ್ಲ. ಫೈನಲ್ ಮುಗಿದರೆ ತಾನೇ?

ಹಾಕಿಗೆ ಹುಚ್ಚೆದ್ದು ಕುಣಿಯುವ ಜಿಲ್ಲೆಯಲ್ಲಿ ಮಾವನಿಗೆ ಈ ಹುಚ್ಚು ಹೇಗೆ ಹತ್ತಿತೋ ದೇವರೇ ಬಲ್ಲ. ಕೊಯ್ಲು ಮುಗಿದು ಕಾಫಿ ಒಣಗಿಸುವ ಕಣ ಖಾಲಿಯಾದದ್ದೇ ತಡ, ಸುಣ್ಣದ ಗೆರೆ ಎಳೆದು ನೆಟ್ ಕಟ್ಟಿಬಿಡುತ್ತಾರೆ. ಮೊದಲ ವರ್ಷ ಆಡಿದ್ದು ಮಾವ, ಅವರ ತೋಟದ ಲೆಕ್ಕ ಬರೆಯುವ ರೈಟರ್ ಮತ್ತು ಪಕ್ಕದ ಹೋಂಸ್ಟೇಯ ಅಡುಗೆಯವ. ಅಡುಗೆಯವ ನೇಪಾಳದವನು.

"ಎರಡು ದೇಶ ಆಯ್ತಲ್ಲ, ಇನ್ನೆಂತ ಬೇಕು?" ಎಂದರು ಮಾವ. ಬ್ಯಾನರ್ ಬರೆಸಿಯೇಬಿಟ್ಟರು.

ಆಮೇಲೆ ಬೈಲಕುಪ್ಪೆಯಿಂದ ಸ್ವೆಟರ್ ಮಾರುವ ಟಿಬೆಟಿನವರೊಬ್ಬರು ಸೇರಿದರು. ಮುಂದಿನ ವರ್ಷ ಹೋಂಸ್ಟೇಗೆ ಬಂದ ಫ್ರಾನ್ಸಿನ ಪ್ರವಾಸಿಯನ್ನು ಬಚ್ಚಲಿನ ಚಪ್ಪಲಿಯಲ್ಲೇ ಎಳೆದುತಂದರು. ಬೆಳೆಯುವುದೇನೋ ಬೆಳೆಯಿತು, ಆಟ ನಡೆಯಬೇಕಲ್ಲ? ಗಾಳಿಗೆ ಶಟಲ್ ತೋಟದ ಎತ್ತರದ ಸಿಲ್ವರ್ ಮರದ ತುದಿಗೆ ಹೋಗಿ ಕೂರುತ್ತಿತ್ತು. ಅದಕ್ಕೆ ಮಾವನದೇ ಒಂದು ಕಾನೂನು: ಗಾಳಿ ಒಯ್ದ ಪಾಯಿಂಟ್ ರದ್ದು, ಮತ್ತೆ ಆಡಬೇಕು. ಒಂದು ಗೇಮ್ ಮುಗಿಯುವಷ್ಟರಲ್ಲಿ ನನಗೆ ಗಡ್ಡ ಬೆಳೆಯುತ್ತಿತ್ತು.

ಹಾಗೂ ಹೀಗೂ ಫೈನಲ್ ತಲುಪಿದರೆ, ಮಳೆ! ಒಂದು ವರ್ಷವೂ ತಪ್ಪಿರಲಿಲ್ಲ. ಅದು ಹೂಮಳೆ. ಅದು ಬಿದ್ದರೇ ಕಾಫಿಯ ಮೊಗ್ಗು ಅರಳುವುದು, ಅರಳಿದರೇ ಫಸಲು. ಊರಿಗೆ ಊರೇ ಆಕಾಶಕ್ಕೆ ಕೈಮುಗಿಯುವ ಹೊತ್ತಲ್ಲಿ ಮಾವ ಒಬ್ಬರೇ ಆಕಾಶವನ್ನು ಬೈಯುತ್ತಾ ನಿಲ್ಲುತ್ತಿದ್ದರು.

"ನಿಮ್ಮ ತೋಟಕ್ಕೂ ಅದೇ ಮಳೆ ಅಲ್ವಾ?" ಎಂದು ಅತ್ತೆ ಕೇಳಿದರೆ, "ನಾಳೆ ಬರಲಿ. ಇವತ್ತೊಂದಿನ ಕಪ್ ಕೊಡ್ತೇನೆ" ಎನ್ನುತ್ತಿದ್ದರು. ಆ ಕಪ್ಪನ್ನು ಒಮ್ಮೆಯಾದರೂ ಗೆದ್ದವನ ಕೈಗೆ ಕೊಡಬೇಕೆನ್ನುವುದೊಂದೇ ಅವರ ಆಸೆ. ಪ್ರತಿ ವರ್ಷ ಒದ್ದೆ ಕಪ್ಪನ್ನು ಒರೆಸಿ ಬೀರುವಿನಲ್ಲಿ ಇಡುವಾಗ ಅವರ ಮುಖ ನೋಡಲಾಗುತ್ತಿರಲಿಲ್ಲ.

ಊರವರಿಗೆ ಗುಟ್ಟು ತಿಳಿಯಲು ತಡವಾಗಲಿಲ್ಲ. "ಅಣ್ಣ, ಮೊಗ್ಗು ರೆಡಿ ಉಟ್ಟು. ಫೈನಲ್ ಯಾವಾಗ?" ಎಂದು ದಾರಿಯಲ್ಲಿ ತಡೆದು ಕೇಳತೊಡಗಿದರು. ಕುರ್ಚಿ ಕೊಟ್ಟರು, ಶಾಮಿಯಾನ ಹಾಕಿಸಿದರು, ಕೊಡೆ ಹಿಡಿದೇ ಬಂದು ಕೂತರು. ಎಂಥ ಸ್ಮ್ಯಾಷ್ ಹೊಡೆದರೂ ಸುಮ್ಮನಿದ್ದವರು ಮೊದಲ ಹನಿ ಬಿದ್ದಾಗ ಚಪ್ಪಾಳೆ ತಟ್ಟಿದರು.

"ಇದು ಟೂರ್ನಮೆಂಟೋ, ಕಪ್ಪೆ ಮದುವೆಯೋ?" ಎಂದು ಮಾವ ರ‍್ಯಾಕೆಟ್ ಎಸೆದು ಒಳಗೆ ಹೋಗಿ ಮಲಗಿದ್ದರು.

ಈ ವರ್ಷ ಫೈನಲ್‌ಗೆ ಬಂದವರು ರೈಟರ್ ಮತ್ತು ನೇಪಾಳದ ಅಡುಗೆಯವ. ಆಕಾಶದಲ್ಲಿ ಒಂದು ಮೋಡವಿಲ್ಲ. ಎಲೆ ಅಲ್ಲಾಡಲಿಲ್ಲ. ಶಟಲ್ ಹೋಗಬೇಕಾದಲ್ಲಿಗೇ ಹೋಯಿತು. ಅಡುಗೆಯವ ಗೆದ್ದ. ಫೈನಲ್ ಮುಗಿಯಿತು.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಮಡಚಿದ ಕೊಡೆಗಳನ್ನು ಹಿಡಿದು ಕೂತೇ ಇದ್ದರು. ಅತ್ತೆ ಕಣದ ಅಂಚಿನ ಗಿಡದ ಕೊಂಬೆ ಬಗ್ಗಿಸಿ ಮೊಗ್ಗು ನೋಡುತ್ತಿದ್ದರು. ಅವು ಕಂದಿಹೋಗುತ್ತಿದ್ದವು. ಮಾವ ಕಪ್ ಕೊಟ್ಟರು. ಇಷ್ಟು ವರ್ಷ ಕಾದ ಗಳಿಗೆ, ಆದರೂ ಅವರ ಕಣ್ಣೆಲ್ಲ ಅತ್ತೆಯ ಕೈಯಲ್ಲಿದ್ದ ಕೊಂಬೆಯ ಮೇಲೆ. ನನಗೆ ಏಣಿಯಿಂದ ಇಳಿಯಲೂ ಮನಸ್ಸಾಗಲಿಲ್ಲ.

ಮಾವ ಗಂಟಲು ಸರಿಮಾಡಿಕೊಂಡು ನನ್ನತ್ತ ತಿರುಗಿದರು. "ಕಡೇ ಪಾಯಿಂಟ್ ಗಾಳಿ ಒಯ್ದದ್ದಲ್ವಾ? ನೀ ನೋಡ್ಲಿಲ್ವಾ?"

ಗಾಳಿಯೇ? ಬೆಂಕಿಕಡ್ಡಿ ಗೀರಿದ್ದರೂ ಆರುತ್ತಿರಲಿಲ್ಲ.

"ಹೌದು ಮಾವ, ಗಾಳಿ. ಪಾಯಿಂಟ್ ರದ್ದು" ಎಂದು ಕೂಗಿದೆ.

ಅಡುಗೆಯವ ಕಪ್ಪನ್ನು ಒಮ್ಮೆ ಸವರಿ, ಮಾವನ ಕೈಗೆ ವಾಪಸ್ಸು ಕೊಟ್ಟ. "ನಾಳೆ ಆಡುವ ಸಾಬ್" ಎಂದ.

ಅಂದಿನಿಂದ ದಿನಾ ಸಂಜೆ ಫೈನಲ್ ನಡೆಯುತ್ತಿದೆ. ಮೊದಲ ಹನಿ ಇನ್ನೂ ಬಿದ್ದಿಲ್ಲ. ಕಡೆಯ ಪಾಯಿಂಟಿಗೆ ಮಾವ ನನ್ನ ಕಡೆ ನೋಡುತ್ತಾರೆ. ನಾನು ರದ್ದು ಎಂದು ಕೂಗುತ್ತೇನೆ. ಮಾವ ಆಕಾಶವನ್ನು ಬೈಯುವುದಿಲ್ಲ. ಕಪ್ಪನ್ನು ಕಣದ ನಡುವೆ, ಬಾಯಿ ಮೇಲೆ ಮಾಡಿ ಇಟ್ಟುಬಿಟ್ಟಿದ್ದಾರೆ.